ವಿಜ್ಞಾನ ತನ್ನ ಮಾತನ್ನೇ ಬದಲಿಸುತ್ತಾ ಹೋಗುತ್ತದೆ. ಹಾಗಾದರೆ ಅದನ್ನು ಎಷ್ಟು ನಂಬಬಹುದು?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ನಿನ್ನೆ ಸರಿ ಅಂದಿದ್ದನ್ನು ಇವತ್ತು ತಪ್ಪು ಅನ್ನುವ ವಿಜ್ಞಾನವನ್ನು ಯಾಕೆ ನಂಬಬೇಕು ಅನ್ನುವುದು ಮೊದಲನೆಯದು. ಅದಕ್ಕೆ ಎಂದೆಂದಿಗೂ ಗೊತ್ತಾಗದ ವಿಷಯ ಇದೆಯಾ ಅನ್ನುವುದು ಎರಡನೆಯದು. "ವಿಜ್ಞಾನವೂ ಕೊನೆಗೆ ಒಂದು ನಂಬಿಕೆಯೇ ತಾನೇ" ಅಂತ ನಿಮ್ಮ ಗೆಳೆಯರು ಹೇಳಿದ್ದು ಸರಿಯಾ ಅನ್ನುವುದು ಮೂರನೆಯದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇಂಥ ಪ್ರಶ್ನೆ ಕಂಡರೆ ಸುಮ್ನೆ ಇರಲು ಆಗುವುದಿಲ್ಲ, ಹಾಗಾಗಿ ಉತ್ತರ ಉದ್ದವಾಗಿದೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ವಿಜ್ಞಾನವನ್ನು ಇಡಿಯಾಗಿ ನಂಬುವುದೂ ಬೇಡ, ಇಡಿಯಾಗಿ ಬಿಡುವುದೂ ಬೇಡ ಅಂತ ನನ್ನ ಅಭಿಪ್ರಾಯ. ಅದರ ಒಂದೊಂದು ಮಾತಿಗೂ ಒಂದೊಂದು ತೂಕ ಇದೆ. ಆ ತೂಕ ಎಲ್ಲಿಂದ ಬರುತ್ತದೆ ಅಂತ ತೋರಿಸಲು ಫ್ರಾನ್ಸಿನ ಖಗೋಳಜ್ಞ ಉರ್ಬೇನ್ ಲೆ ವೆರಿಯೇ ಅವರ ಕಥೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಯುರೇನಸ್ ಗ್ರಹ ಪತ್ತೆಯಾಗಿದ್ದು 1781ರಲ್ಲಿ. ಮುಂದಿನ ಕೆಲವು ದಶಕ ಅದರ ಓಡಾಟ ಗಮನಿಸುತ್ತಿದ್ದವರಿಗೆ ತಲೆನೋವು ಶುರುವಾಯಿತು. ನ್ಯೂಟನ್ ನಿಯಮದ ಲೆಕ್ಕ ಹೇಳುವ ಜಾಗದಲ್ಲಿ ಗ್ರಹ ಇರುತ್ತಿರಲಿಲ್ಲ. ವ್ಯತ್ಯಾಸ ಸಣ್ಣದು, ಆದರೆ ಇಲ್ಲ ಅನ್ನುವಂತಿರಲಿಲ್ಲ. ಶಾಲೆಯಲ್ಲಿ ಹೇಳಿಕೊಡುವ 'ವೈಜ್ಞಾನಿಕ ವಿಧಾನ'ದ ಪ್ರಕಾರ ಆಗ ಏನಾಗಬೇಕಿತ್ತು? ನಿಯಮ ಪರೀಕ್ಷೆಯಲ್ಲಿ ಫೇಲಾಯಿತು, ಆದ್ದರಿಂದ ಕಸದ ಬುಟ್ಟಿಗೆ. ಬಹುಪಾಲು ಜನ ಹಾಗೆ ಮಾಡಲಿಲ್ಲ. ಲೆ ವೆರಿಯೇ ನಿಯಮವನ್ನು ಮುಟ್ಟಲೇ ಇಲ್ಲ. ಯುರೇನಸ್ ಆಚೆ ನಮಗೆ ಕಾಣದ ಇನ್ನೊಂದು ಗ್ರಹ ಇದ್ದು, ಅದು ಎಳೆಯುತ್ತಿರಬೇಕು ಅಂದರು. ಅದು ಎಲ್ಲಿರಬೇಕು ಅಂತ ಕಾಗದದ ಮೇಲೇ ಲೆಕ್ಕ ಹಾಕಿದರು. ಇಂಗ್ಲೆಂಡಿನಲ್ಲಿ ಜಾನ್ ಕೌಚ್ ಆಡಮ್ಸ್ ಕೂಡ ಇದೇ ಲೆಕ್ಕದಲ್ಲಿ ಮುಳುಗಿದ್ದರು. ಲೆ ವೆರಿಯೇ ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆ ಅವರಿಗೆ ಪತ್ರ ಬರೆದರು. ಪತ್ರ ಕೈಸೇರಿದ್ದು 1846ರ ಸೆಪ್ಟೆಂಬರ್ 23ರಂದು. ಅದೇ ರಾತ್ರಿ ದೂರದರ್ಶಕ ತಿರುಗಿಸಿ ನೋಡಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಕೂತಿತ್ತು!

ಮುಂದೆ ಇದೇ ಮನುಷ್ಯ ಬುಧ ಗ್ರಹದ ಲೆಕ್ಕಕ್ಕೆ ಕೈ ಹಾಕಿದರು. ಬುಧ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಆ ದಾರಿಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು ಇದ್ದಲ್ಲೇ ಇರುವುದಿಲ್ಲ, ಮೆಲ್ಲಗೆ ಜರುಗುತ್ತಾ ಹೋಗುತ್ತದೆ. ಬೇರೆ ಗ್ರಹಗಳ ಎಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಒಂದು ಚೂರು ಬಾಕಿ ಉಳಿಯುತ್ತದೆ. ಶತಮಾನಕ್ಕೆ 43 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಸಿಗುವ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಅನ್ನುತ್ತಾರೆ. ಅಂದರೆ ಈ ಬಾಕಿ ಒಂದು ಡಿಗ್ರಿಯಷ್ಟು ಬೆಳೆಯಲು 8000 ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟು ಚಿಕ್ಕದಕ್ಕೂ ತಲೆಕೆಡಿಸಿಕೊಳ್ಳುವ ಜನ ಇವರು.

1859ರಲ್ಲಿ ಲೆ ವೆರಿಯೇ ಕೊಟ್ಟ ಉತ್ತರ ಹಳೆಯದೇ. ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಏನೋ ಇದೆ. ಬಿಡುವಿನಲ್ಲಿ ಆಕಾಶ ನೋಡುತ್ತಿದ್ದ ಹಳ್ಳಿಯ ವೈದ್ಯರೊಬ್ಬರು, ಸೂರ್ಯನ ಮುಂದೆ ಕಪ್ಪು ಚುಕ್ಕೆಯೊಂದು ಹಾದುಹೋಗಿದ್ದನ್ನು ಕಂಡೆ ಅಂದರು. ಗ್ರಹಕ್ಕೆ ವಲ್ಕನ್ ಅಂತ ಹೆಸರೂ ಇಟ್ಟಾಯಿತು. ವೈದ್ಯರಿಗೆ ಸರ್ಕಾರದ ಗೌರವವೂ ಸಿಕ್ಕಿತು. ಸಿಗದೆ ಹೋಗಿದ್ದು ಗ್ರಹ ಮಾತ್ರ. ಗ್ರಹಣ ಬಂದಾಗಲೆಲ್ಲ ಹುಡುಕಿದರು. ಆಗಾಗ ಯಾರೋ ಒಬ್ಬರು ಕಂಡೆ ಅನ್ನುತ್ತಿದ್ದರು, ಪಕ್ಕದವರಿಗೆ ಕಾಣುತ್ತಿರಲಿಲ್ಲ. ವಲ್ಕನ್ ಇದ್ದೇ ಇದೆ ಅಂತ ನಂಬಿಕೊಂಡೇ ಲೆ ವೆರಿಯೇ 1877ರಲ್ಲಿ ತೀರಿಕೊಂಡರು. ಅದೂ ಸೆಪ್ಟೆಂಬರ್ 23ರಂದೇ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತ ಹಿಡಿದು ಬುಧನ ಲೆಕ್ಕ ಮಾಡಿದರು. ಯಾವ ಗ್ರಹವನ್ನೂ ಸೇರಿಸಲಿಲ್ಲ, ಎಲ್ಲೂ ತೇಪೆ ಹಾಕಲಿಲ್ಲ. 43 ತಾನಾಗಿಯೇ ಬಂತು. ಈ ಸಲ ಕೊರತೆ ಇದ್ದದ್ದು ನ್ಯೂಟನ್ ನಿಯಮದಲ್ಲೇ.

ಒಬ್ಬರೇ ಮನುಷ್ಯ, ಒಂದೇ ನಿಯಮ, ಒಂದೇ ಬಗೆಯ ತರ್ಕ. ಒಮ್ಮೆ ಗೆದ್ದರು, ಒಮ್ಮೆ ಸೋತರು. ಈ ಎರಡು ಊಹೆಗಳನ್ನು ಹುಟ್ಟಿದ ದಿನವೇ ಪಕ್ಕಪಕ್ಕ ಇಟ್ಟು ನೋಡಿದ್ದರೆ, ಇದು ಸರಿ ಅದು ತಪ್ಪು ಅಂತ ಹೇಳುವ ಉಪಾಯ ಯಾರ ಹತ್ತಿರವೂ ಇರಲಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಏನೋ ತಪ್ಪಿದೆ ಅಂತ ಮಾತ್ರ ಗೊತ್ತಾಗುತ್ತದೆ. ಎಲ್ಲಿ ಅಂತ ಗೊತ್ತಾಗುವುದಿಲ್ಲ. ಫ್ರಾನ್ಸಿನವರೇ ಆದ ಭೌತವಿಜ್ಞಾನಿ ಪಿಯರ್ ದ್ಯುಎಮ್ 20ನೇ ಶತಮಾನದ ಆರಂಭದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಯಾವ ಊಹೆಯೂ ಒಂಟಿಯಾಗಿ ಪರೀಕ್ಷೆಗೆ ಕೂರುವುದಿಲ್ಲ. ಅದರ ಜೊತೆಗೆ ಉಪಕರಣ, ಗಣಿತ, ನಾವು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಇನ್ನೂ ಹತ್ತಾರು ಸಂಗತಿಗಳು ಕೂರುತ್ತವೆ. ಫೇಲಾದರೆ ಅಷ್ಟೂ ಜನಕ್ಕೆ ಸೇರಿ ಒಂದೇ ಫಲಿತಾಂಶ.

ನಮ್ಮ ಲ್ಯಾಬಿನಲ್ಲಿ ಇದರ ಚಿಕ್ಕ ರೂಪ ಪ್ರತಿ ವರ್ಷ ನಡೆಯುತ್ತದೆ. ಸರಳ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, 20 ಆಂದೋಲನಕ್ಕೆ ಹಿಡಿಯುವ ಸಮಯ ಅಳೆದು, ಗುರುತ್ವದ ಬೆಲೆ ಕಂಡುಹಿಡಿಯಬೇಕು. 9.8 ಬರಬೇಕು. ಒಂದು ಬ್ಯಾಚಿಗೆ 11ರ ಹತ್ತಿರ ಬರುತ್ತದೆ. ವಿಚಾರಿಸಿದರೆ, ಗುಂಡು ಕೈಬಿಟ್ಟ ಕ್ಷಣಕ್ಕೇ 'ಒಂದು' ಅಂತ ಎಣಿಸಿರುತ್ತಾರೆ. ಇಪ್ಪತ್ತು ಅಂದುಕೊಂಡಿದ್ದು ನಿಜಕ್ಕೂ ಹತ್ತೊಂಬತ್ತು. ಇನ್ನೊಂದು ಬ್ಯಾಚಿಗೆ 9.6 ಬರುತ್ತದೆ. ಅವರು ದಾರ ಮಾತ್ರ ಅಳೆದಿರುತ್ತಾರೆ, ಗುಂಡಿನ ಮಧ್ಯದವರೆಗೂ ಉದ್ದ ಹಿಡಿಯಬೇಕು ಅನ್ನುವುದು ಮರೆತಿರುತ್ತದೆ. "ಸಾರ್, ಇವತ್ತು ಭೂಮಿಯ ಗುರುತ್ವ ಬದಲಾಗಿದೆ" ಅಂತ ಯಾರೂ ಓಡಿ ಬರುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಎಲ್ಲರಿಗೂ 9.8 ಬಂದಿರುತ್ತದೆ, ಅದು ಬೇರೆ ವಿಷಯ ಬಿಡಿ.

ದೊಡ್ಡವರ ಲ್ಯಾಬಿನಲ್ಲೂ ಹೀಗೇ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಅನ್ನುವ ಪ್ರಯೋಗ ತಂಡ ಒಂದು ಫಲಿತಾಂಶ ಹೊರಗಿಟ್ಟಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ಹೋದ ನ್ಯೂಟ್ರಿನೋ ಅನ್ನುವ ಅತಿ ಹಗುರ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಮೊದಲೇ ತಲುಪಿದಂತೆ ಕಂಡಿತ್ತು. ಬೆಳಕಿಗಿಂತ ವೇಗವಾಗಿ ಏನೂ ಹೋಗುವುದಿಲ್ಲ ಅನ್ನುವ ಐನ್‌ಸ್ಟೈನ್ ಮಾತು ಬಿತ್ತು ಅಂತ ಪತ್ರಿಕೆಗಳು ಬರೆದವು. ಆ ತಂಡ ಹಾಗೆ ಬರೆಯಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ ಅನ್ನುವ ಧಾಟಿಯಲ್ಲಿ ಬೇರೆಯವರ ಮುಂದೆ ಇಟ್ಟಿತು. ಮುಂದಿನ ವರ್ಷ ಗೊತ್ತಾಯಿತು: ಆಪ್ಟಿಕಲ್ ಫೈಬರ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ. ಸಡಿಲ ಕೇಬಲ್! ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ಮೊದಲ ದಿನವೇ ತಪ್ಪು ಉಪಕರಣದ್ದೇ ಇರಬೇಕು ಅಂತ ಅನುಮಾನಪಟ್ಟಿದ್ದರು. ಇದು ಹಟಮಾರಿತನ ಅಲ್ವಾ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಆ ಹಟದ ಹಿಂದೆ ಲೆಕ್ಕ ಇದೆ. ಒಂದು ಕಡೆ ಒಂದೇ ಒಂದು ಅಳತೆ. ಇನ್ನೊಂದು ಕಡೆ ಕಣಗಳ ವೇಗವರ್ಧಕಗಳಿಂದ ಹಿಡಿದು ಜಿಪಿಎಸ್‌ವರೆಗೆ ದಿನಾ ಪರೀಕ್ಷೆಗೆ ಒಡ್ಡಿಕೊಳ್ಳುತ್ತಿರುವ ಸಿದ್ಧಾಂತ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ಸರಿಪಡಿಸಿಯೇ ಬಳಸುತ್ತಾರೆ. ಆ ಸಿದ್ಧಾಂತ ಬೀಳಬೇಕಾದರೆ ಇದೆಲ್ಲಕ್ಕೂ ಬೇರೆ ವಿವರಣೆ ಕೊಡಬೇಕು.

ನಾನು ತೂಕ ಅಂದಿದ್ದು ಇದಕ್ಕೇ. ಒಂದು ಮಾತು ತಪ್ಪಾದರೆ ಅದರ ಜೊತೆಗೆ ಇನ್ನೆಷ್ಟು ಬೀಳಬೇಕು ಅಂತ ನೋಡಿ.

ಸರಿ, ಹೀಗೆ ಸದಾ ಕೇಬಲ್ ಮೇಲೋ ಕಾಣದ ಗ್ರಹದ ಮೇಲೋ ತಪ್ಪು ಹೊರಿಸುತ್ತಾ ಹೋದರೆ ಯಾವ ಸಿದ್ಧಾಂತವೂ ಎಂದೂ ಸೋಲುವುದಿಲ್ಲವಲ್ಲ? ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಅವರಿಗೆ ಕಾಡಿದ್ದು ಇದೇ. ಏನೇ ಆದರೂ ನಾನು ಸರಿ ಅನ್ನುವ ಸಿದ್ಧಾಂತ ವಿಜ್ಞಾನವೇ ಅಲ್ಲ, ಯಾವ ಅನುಭವ ಬಂದರೆ ತಾನು ತಪ್ಪು ಅಂತ ಅದು ಮೊದಲೇ ಹೇಳಿರಬೇಕು ಅಂತ ಅವರು ವಾದಿಸಿದರು. ಮಾತಿನಲ್ಲಿ ಹುರುಳಿದೆ. ಆದರೆ ಅದನ್ನು ಗಡಸಾಗಿ ಅನ್ವಯಿಸಿದರೆ ಲೆ ವೆರಿಯೇ ನೆಪ್ಚೂನ್ ಹುಡುಕುವ ಮೊದಲೇ ನ್ಯೂಟನ್ ನಿಯಮ ಬಿಟ್ಟುಬಿಡಬೇಕಿತ್ತು. ನನಗೆ ಹಿಡಿಸುವುದು ಇನ್ನೊಂದು ಅಳತೆ. ಸಿದ್ಧಾಂತ ಉಳಿಸಲು ನೀವು ಹೊಸದೊಂದು ಊಹೆ ತಂದರೆ, ಆ ಊಹೆ ತನ್ನದೇ ಬೇರೆ ಪರೀಕ್ಷೆಗೆ ಕೊರಳೊಡ್ಡುತ್ತದೆಯಾ? ನೆಪ್ಚೂನ್ ಒಡ್ಡಿತು, ಪಾಸಾಯಿತು. ವಲ್ಕನ್ ಕೂಡ ಒಡ್ಡಿತು, ಸೋತಿತು. ಹಾಗಾಗಿ ವಲ್ಕನ್ ಕೂಡ ನನ್ನ ಲೆಕ್ಕದಲ್ಲಿ ಒಳ್ಳೆಯ ವಿಜ್ಞಾನವೇ, ಕನಿಷ್ಠ ಮೊದಮೊದಲು. "ತುಂಬ ಚಿಕ್ಕದು, ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ, ಮುಂದಿನ ಗ್ರಹಣಕ್ಕೆ ನೋಡೋಣ" ಅಂತ ವರ್ಷಗಟ್ಟಲೆ ಎಳೆದಾಗ ಅದು ನೆಪ ಆಯಿತು. ಊಹೆ ಯಾವಾಗ ನೆಪವಾಗುತ್ತದೆ ಅನ್ನುವುದಕ್ಕೆ ಗಡುವು ಮಾತ್ರ ಯಾರೂ ಬರೆದಿಟ್ಟಿಲ್ಲ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ, ಈಗಲೂ ನಡೆಯುತ್ತಿದೆ. ಗೆಲಾಕ್ಸಿಗಳ ಅಂಚಿನಲ್ಲಿರುವ ನಕ್ಷತ್ರಗಳು ಲೆಕ್ಕಕ್ಕಿಂತ ಜಾಸ್ತಿ ವೇಗವಾಗಿ ಸುತ್ತುತ್ತವೆ. 1933ರಲ್ಲಿ ಫ್ರಿಟ್ಸ್ ಝ್ವಿಕಿ ಗೆಲಾಕ್ಸಿಗಳ ಗುಂಪಿನಲ್ಲಿ ಇಂಥದ್ದೇ ಗೊಂದಲ ಕಂಡಿದ್ದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಅವರ ಜೊತೆಗಾರರು ಒಂದೊಂದೇ ಗೆಲಾಕ್ಸಿಯನ್ನು ಅಳೆದು ಇದನ್ನು ಗಟ್ಟಿ ಮಾಡಿದರು. ಹೆಚ್ಚಿನವರ ಉತ್ತರ: ಕಾಣದ ವಸ್ತು ಇದೆ, ಡಾರ್ಕ್ ಮ್ಯಾಟರ್. ಮೊರ್ದೆಹಾಯ್ ಮಿಲ್ಗ್ರೋಮ್ 1983ರಲ್ಲಿ ಬೇರೆ ಉತ್ತರ ಕೊಟ್ಟರು: ವಸ್ತು ಏನೂ ಇಲ್ಲ, ನಿಯಮವನ್ನೇ ತಿದ್ದಬೇಕು. ನೆಪ್ಚೂನೋ ವಲ್ಕನೋ ಅನ್ನುವ ಅದೇ ಪ್ರಶ್ನೆ. ಡಾರ್ಕ್ ಮ್ಯಾಟರ್ ಪರವಾಗಿ ಸಾಕ್ಷ್ಯ ಬೇರೆ ಬೇರೆ ದಿಕ್ಕಿನಿಂದ ಬಂದಿದೆ. ಗೆಲಾಕ್ಸಿಗಳ ಗುಂಪು ಬೆಳಕನ್ನು ಬಾಗಿಸುವ ರೀತಿ, ವಿಶ್ವದ ಬಾಲ್ಯದಿಂದ ಉಳಿದಿರುವ ಮೈಕ್ರೋವೇವ್ ಬೆಳಕಿನ ಏರಿಳಿತ, ಎರಡೂ ಅದನ್ನೇ ಬೇಡುತ್ತವೆ. ಹಾಗಾಗಿ ನಾನು ಆ ಕಡೆ ವಾಲುತ್ತೇನೆ. ಆದರೆ ನೆಲದಾಳದಲ್ಲಿ ದಶಕಗಳಿಂದ ಹುಡುಕುತ್ತಿದ್ದರೂ ಎಲ್ಲರೂ ಒಪ್ಪುವಂಥ ಒಂದು ಕಣವೂ ಸಿಕ್ಕಿಲ್ಲ. ಇದನ್ನು ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವಷ್ಟು ಗಟ್ಟಿಯಾಗಿ ನಂಬಿ ಅಂತ ನಾನು ಹೇಳುವುದಿಲ್ಲ.

ಇನ್ನು ವಿಜ್ಞಾನ ಬದಲಾಗುತ್ತದೆ ಅನ್ನುವ ನಿಮ್ಮ ಮಾತು. ಬದಲಾಗುವುದು ಏನು, ಉಳಿಯುವುದು ಏನು ಅಂತ ಬಿಡಿಸಿ ನೋಡಬೇಕು. ಐನ್‌ಸ್ಟೈನ್ ಬಂದ ಮೇಲೆ ನ್ಯೂಟನ್ ಲೆಕ್ಕಗಳು ಕಸವಾಗಲಿಲ್ಲ. ಬುಧನಂಥ ಗ್ರಹದಲ್ಲೂ ವ್ಯತ್ಯಾಸ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಮಾತ್ರ. ಸೇತುವೆ ಕಟ್ಟುವವರು ಇವತ್ತಿಗೂ ನ್ಯೂಟನ್ ಸೂತ್ರವನ್ನೇ ಬಳಸುತ್ತಾರೆ. ಸೂತ್ರ ಉಳಿಯಿತು, ಆದರೆ ಅದರ ಹಿಂದಿನ ಚಿತ್ರ ಹೋಯಿತು. ಗುರುತ್ವ ಅಂದರೆ ದೂರದಿಂದಲೇ ಎಳೆಯುವ ಬಲ ಅಂತ ಇದ್ದದ್ದು, ದೇಶಕಾಲದ, ಅಂದರೆ ಜಾಗ ಮತ್ತು ಕಾಲ ಸೇರಿದ ಹಂದರದ, ಬಾಗುವಿಕೆ ಅಂತಾಯಿತು. ಬೆಳಕಿನ ವಿಷಯದಲ್ಲೂ ಹೀಗೇ. 19ನೇ ಶತಮಾನದ ಆರಂಭದಲ್ಲಿ ಫ್ರೆನೆಲ್ ಅವರು ಬೆಳಕು ಗಾಜಿನ ಮೇಲೆ ಬಿದ್ದರೆ ಎಷ್ಟು ಪಾಲು ಮರಳುತ್ತದೆ, ಎಷ್ಟು ಪಾಲು ಒಳಹೋಗುತ್ತದೆ ಅಂತ ಸೂತ್ರ ಕೊಟ್ಟರು. ಬೆಳಕು ಈಥರ್ ಅನ್ನುವ ಮಾಧ್ಯಮದ ಅಲೆ ಅಂತ ಅವರು ನಂಬಿದ್ದರು. ಈಥರ್ ಹೋಗಿ ಶತಮಾನದ ಮೇಲಾಯಿತು. ಸೂತ್ರಗಳನ್ನು ನಾವು ಇವತ್ತೂ ಪಾಠ ಮಾಡುತ್ತೇವೆ.

ಹಾಗಾಗಿ ನನ್ನ ನಿಲುವು ಅರ್ಧಂಬರ್ಧ. ಒಳ್ಳೆಯ ಸಿದ್ಧಾಂತ ಹೇಳುವ ಸಂಬಂಧಗಳನ್ನು, ಅಂದರೆ ಇದು ಇಷ್ಟಾದರೆ ಅದು ಅಷ್ಟಾಗುತ್ತದೆ ಅನ್ನುವುದನ್ನು, ಧೈರ್ಯವಾಗಿ ನಂಬುತ್ತೇನೆ. ಜಗತ್ತಿನ ಬುಡದಲ್ಲಿ ನಿಜಕ್ಕೂ ಇಂಥದ್ದೇ ಇದೆ ಅನ್ನುವ ಮಾತನ್ನು ಸ್ವಲ್ಪ ಹಿಡಿತದಲ್ಲಿಟ್ಟು ಕೇಳುತ್ತೇನೆ. ಇದನ್ನು ಒಪ್ಪದ ತತ್ವಜ್ಞಾನಿಗಳು ಎರಡೂ ಕಡೆ ಬೇಕಾದಷ್ಟು ಇದ್ದಾರೆ.

ಪತ್ರಿಕೆಯಲ್ಲಿ ಬರುವ "ಹೊಸ ಅಧ್ಯಯನದ ಪ್ರಕಾರ" ಅನ್ನುವ ಸುದ್ದಿಗಳಿಗೆ ಇಷ್ಟು ಗೌರವವೂ ಬೇಕಿಲ್ಲ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು, ಫಲಿತಾಂಶ 2015ರಲ್ಲಿ ಹೊರಬಂತು. ಮೊದಲ ಸಲ 97ರಲ್ಲಿ ಗಣನೀಯ ಅನ್ನಿಸುವ ಪರಿಣಾಮ ಬಂದಿತ್ತು. ಎರಡನೇ ಸಲ ಅಂಥ ಪರಿಣಾಮ ಬಂದದ್ದು ಶೇಕಡಾ 36ರಲ್ಲಿ ಮಾತ್ರ. ಒಂಟಿ ಅಧ್ಯಯನಕ್ಕೆ ಏನೂ ಆತುಕೊಂಡಿರುವುದಿಲ್ಲ. ಅದು ಬಿದ್ದರೆ ಅದೊಂದೇ ಬೀಳುತ್ತದೆ. "ಮೊನ್ನೆ ಒಳ್ಳೆಯದು ಅಂದರು, ಇವತ್ತು ಕೆಟ್ಟದು ಅಂತಾರೆ" ಅನ್ನುವ ಬೇಸರ ನಮಗೆ ಬಹುಪಾಲು ಇಂಥ ಸುದ್ದಿಗಳಿಂದಲೇ ಹುಟ್ಟುತ್ತದೆ.

ಎರಡನೇ ಪ್ರಶ್ನೆಗೆ ಬರೋಣ. ಎಂದೂ ಗೊತ್ತಾಗದ್ದು ಇದೆಯಾ? ಇಲ್ಲಿ ಬಾಯಿಗೆ ಸ್ವಲ್ಪ ಕಡಿವಾಣ ಬೇಕು. ಫ್ರಾನ್ಸಿನ ತತ್ವಜ್ಞಾನಿ ಓಗಸ್ಟ್ ಕಾಮ್ಟ್ ಸಾಮಾನ್ಯ ತಲೆಯಲ್ಲ. ನಕ್ಷತ್ರಗಳು ಯಾವ ವಸ್ತುಗಳಿಂದ ಆಗಿವೆ ಅಂತ ನಮಗೆ ಎಂದೂ ತಿಳಿಯದು ಅಂತ ಅವರು 1835ರಲ್ಲಿ ಬರೆದರು. ನೋಡಲು ಸರಿಯಾದ ಮಾತೇ. ಅಲ್ಲಿಗೆ ಹೋಗಿ ಚೂರು ತರಲು ಆಗುತ್ತದೆಯೇ? ಕಾಮ್ಟ್ ತೀರಿಕೊಂಡಿದ್ದು 1857ರಲ್ಲಿ. ಎರಡೇ ವರ್ಷಕ್ಕೆ ಜರ್ಮನಿಯ ವಿಜ್ಞಾನಿಗಳಾದ ಕಿರ್ಕಾಫ್ ಮತ್ತು ಬುನ್ಸೆನ್, ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅದರಲ್ಲಿನ ಗೆರೆಗಳಿಂದಲೇ ವಸ್ತು ಯಾವುದು ಅಂತ ಓದಬಹುದು ಅಂತ ತೋರಿಸಿದರು. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಆಗ ಗೊತ್ತಿದ್ದ ಯಾವ ವಸ್ತುವಿನದೂ ಅಲ್ಲದ ಒಂದು ಗೆರೆ ಕಂಡಿತು. ಅದು ಹೀಲಿಯಂ. ಭೂಮಿಯ ಮೇಲೆ ಅದನ್ನು ಗುರುತಿಸಿದ್ದು 1895ರಲ್ಲಿ. ತಿಳಿಯಲಾಗದು ಅಂದಿದ್ದ ಕಡೆಯಿಂದಲೇ ಹೊಸ ಧಾತು ಬಂತು.

ಆದರೂ ಮಿತಿಗಳಿವೆ. ಗಟ್ಟಿಯಾದ ಮಿತಿಗಳನ್ನು ಕಂಡುಹಿಡಿದದ್ದು ವಿಜ್ಞಾನವೇ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ ಕಂಪ್ಯೂಟರಿನಲ್ಲಿ ಹವಾಮಾನದ ಒಂದು ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಿದರು. ಕಂಪ್ಯೂಟರಿನ ಒಳಗಿದ್ದದ್ದು 0.506127. ಅಚ್ಚಾದ ಹಾಳೆಯಲ್ಲಿದ್ದದ್ದು 0.506. ಅವರು ಹಾಳೆ ನೋಡಿ ಅದನ್ನೇ ಒತ್ತಿದರು. ಎರಡೂ ಹವಾಮಾನ ಸ್ವಲ್ಪ ದೂರ ಜೊತೆಯಾಗಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ನಿಯಮಗಳೆಲ್ಲ ಗೊತ್ತಿದ್ದರೂ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಾಕು, ಮುನ್ಸೂಚನೆ ಕೈಕೊಡುತ್ತದೆ. ಎರಡು ವಾರಕ್ಕಿಂತ ಆಚೆಗೆ ದಿನದಿನದ ಹವಾಮಾನ ಹೇಳುವುದು ಕಷ್ಟ ಅನ್ನುವುದು ಇದೇ ಕಾರಣಕ್ಕೆ. 1927ರ ಹೈಸನ್‌ಬರ್ಗ್ ನಿಯಮ ಇನ್ನೂ ಆಳದ ಮಿತಿ. ಕಣದ ಜಾಗ ಮತ್ತು ಸಂವೇಗ (ರಾಶಿ ಮತ್ತು ವೇಗದ ಗುಣಲಬ್ಧ) ಎರಡನ್ನೂ ಒಟ್ಟಿಗೆ ಬೇಕಾದಷ್ಟು ನಿಖರವಾಗಿ ಹೇಳಲಾಗದು. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಅಷ್ಟರೊಳಗೆ ಬೆಳಕು ನಮ್ಮನ್ನು ತಲುಪಲಾಗದ ದೂರದಲ್ಲಿ ಏನಿದೆ ಅಂತ ನೋಡುವ ದಾರಿ ಇಲ್ಲ, ಊಹಿಸಬಹುದು ಅಷ್ಟೇ. ಇವೆಲ್ಲ ಅಳೆದು ನೋಡಿ, ಲೆಕ್ಕ ಹಾಕಿ ಕಂಡುಕೊಂಡ ಮಿತಿಗಳು. ಕಾಮ್ಟ್ ಅವರದು ಕುರ್ಚಿಯಲ್ಲಿ ಕೂತು ಹಾಕಿದ ಬೇಲಿ. ಮನಸ್ಸು ಅಥವಾ ಪ್ರಜ್ಞೆ ವಿಜ್ಞಾನಕ್ಕೆ ಎಂದೂ ಸಿಗುವುದಿಲ್ಲ ಅನ್ನುವವರು ಯಾವ ಬಗೆಯ ಬೇಲಿ ಹಾಕುತ್ತಿದ್ದಾರೆ ಅಂತ ನನಗೆ ಇನ್ನೂ ಅನುಮಾನ ಇದೆ.

ಕೆಲವು ಗಣಿತ ಪದ್ಧತಿಗಳೊಳಗೆ ಸಾಧಿಸಲೂ ಅಲ್ಲಗಳೆಯಲೂ ಆಗದ ಮಾತುಗಳು ಇದ್ದೇ ಇರುತ್ತವೆ ಅಂತ ಗಣಿತಜ್ಞ ಗ್ಯೋಡೆಲ್ 1931ರಲ್ಲಿ ಸಾಧಿಸಿದ್ದನ್ನು ಇಲ್ಲಿಗೆ ಎಳೆದು ತರುವವರಿದ್ದಾರೆ. ಅದು ಅಂಕಗಣಿತದಷ್ಟು ಶಕ್ತಿಯಿರುವ ಔಪಚಾರಿಕ ಪದ್ಧತಿಗಳ, ಅಂದರೆ ಕಟ್ಟುನಿಟ್ಟಾದ ನಿಯಮಗಳಿಂದಲೇ ಸಾಧಿಸುತ್ತಾ ಹೋಗುವ ಪದ್ಧತಿಗಳ ಬಗ್ಗೆ. ಲ್ಯಾಬಿಗೂ ಅದಕ್ಕೂ ನೇರ ಸಂಬಂಧ ಇಲ್ಲ. "ಏನು ಮಾಡಬೇಕು" ಅನ್ನುವ ಪ್ರಶ್ನೆ ಮಾತ್ರ ನಿಜಕ್ಕೂ ಹೊರಗೆ ಉಳಿಯುತ್ತದೆ. ಇದನ್ನು ಮಾಡಿದರೆ ಹೀಗಾಗುತ್ತದೆ ಅಂತ ವಿಜ್ಞಾನ ಹೇಳಬಲ್ಲದು. ಹಾಗಾಗುವುದು ಒಳ್ಳೆಯದಾ ಅಂತ ನಾವೇ ಕೂತು ಜಗಳವಾಡಿ ತೀರ್ಮಾನಿಸಬೇಕು.

ಕೊನೆಗೆ ನಿಮ್ಮ ಗೆಳೆಯರು. ಅವರ ಮಾತಿನಲ್ಲಿ ಒಂದು ಪಾಲು ನಿಜ ಇದೆ. ಇದುವರೆಗೆ ಹೀಗೇ ನಡೆದಿದೆ, ಆದ್ದರಿಂದ ನಾಳೆಯೂ ಹೀಗೇ ನಡೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದಕ್ಕೆ ತರ್ಕದ ಆಧಾರ ಎಲ್ಲಿದೆ ಅಂತ 18ನೇ ಶತಮಾನದಲ್ಲೇ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದರು. "ಇದುವರೆಗೆ ಹಾಗೆ ಅಂದುಕೊಂಡಿದ್ದೆಲ್ಲ ಸರಿಹೋಗಿದೆ" ಅಂದರೆ ಅದೇ ಮಾತನ್ನು ಸುತ್ತಿ ಬಳಸಿ ಮತ್ತೆ ಹೇಳಿದಂತೆ. ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. 20ನೇ ಶತಮಾನದ ತತ್ವಜ್ಞಾನಿ ಹಾನ್ಸ್ ರೈಶನ್‌ಬಾಖ್ ಕೊಟ್ಟ ಸಮಾಧಾನ ನನಗೆ ಇದ್ದುದರಲ್ಲಿ ವಾಸಿ ಅನಿಸುತ್ತದೆ. ಪ್ರಕೃತಿಯಲ್ಲಿ ಒಂದು ಕ್ರಮ ಇದ್ದರೆ, ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವ ದಾರಿಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಕ್ರಮವೇ ಇಲ್ಲದಿದ್ದರೆ ಬೇರೆ ಯಾವ ದಾರಿಯೂ ಕೆಲಸಕ್ಕೆ ಬರುವುದಿಲ್ಲ. ಹ್ಯೂಮ್ ಕೇಳಿದ್ದಕ್ಕೆ ಇದು ಪೂರ್ತಿ ಉತ್ತರ ಅಲ್ಲ, ಗೊತ್ತು. ನಿಮ್ಮ ಗೆಳೆಯರು ಇಲ್ಲಿ ಪಟ್ಟು ಹಿಡಿದು ಕೂತರೆ ನಾನು ಮುಂದೆ ವಾದ ಮಾಡುವುದಿಲ್ಲ. ಆದರೆ ಆ ನಂಬಿಕೆ ವಿಜ್ಞಾನಿಗಳ ಸೊತ್ತಲ್ಲ. ಮೆಟ್ಟಿಲಿಳಿಯುವಾಗ, ಮಾತ್ರೆ ನುಂಗುವಾಗ, ನನ್ನ ಈ ಉತ್ತರ ಓದುವಾಗ ಪದಗಳಿಗೆ ನಿನ್ನೆಯ ಅರ್ಥವೇ ಇದೆ ಅಂದುಕೊಳ್ಳುವಾಗ, ಅವರೂ ಅದನ್ನೇ ನಂಬಿರುತ್ತಾರೆ. ವಿಜ್ಞಾನಕ್ಕೆ ಮಾತ್ರ ಅದನ್ನು ತಪ್ಪು ಅಂತ ಹೊರಿಸುವುದು ನ್ಯಾಯ ಅಲ್ಲ.